ಪೆಟ್ಟಿಗೆ ಮೇಷ್ಟ್ರ ಕಿವಿ

ನಾನು ಹೇಳೋದನ್ನ ನಂಬದೇ ಇರಿ, ನೋಡೋಣ. ನಮ್ಮ ಸಾರಕ್ಕಿ ಕಡೆ ನಾನು ಬಾಯಿ ತೆಗೆದ್ರೆ ಅರ್ಧ ಜನ ಜೇಬು ಮುಟ್ಟಿ ನೋಡ್ಕೋತಾರೆ, ಇನ್ನರ್ಧ ಜನ ಬೆನ್ನು ಮುಟ್ಟಿ ನೋಡ್ಕೋತಾರೆ, ಚೀಟಿ ಏನಾದ್ರೂ ಅಂಟಿಸಿಬಿಟ್ನಾ ಅಂತ. ಅಂಥವನು ಹೇಳ್ತಿದೀನಿ, ಕೇಳಿ. ಅರವತ್ತೆಂಟು ವರ್ಷದ ಹಾರ್ಮೋನಿಯಂ ರಿಪೇರಿ ಮೇಷ್ಟ್ರೊಬ್ಬರು, ಮೊಬೈಲಿನ ಟಾರ್ಚ್ ಹತ್ತಿದ್ರೆ ಆರಿಸೋಕೆ ಬರದೆ ಜೇಬಲ್ಲಿ ಬೆಳಕು ಇಟ್ಕೊಂಡೇ ಮನೆಗೆ ಹೋಗ್ತಿದ್ದವರು, ಒಂದು ಸಿಂಥಸೈಜರ್ ಮುಂದೆ ಕೂತು ಒಂದೂವರೆ ತಿಂಗಳಲ್ಲಿ ಅದನ್ನ ಅಳಿಸಿದ್ರು, ನಗಿಸಿದ್ರು, ಆಕಳಿಸೋ ಹಾಗೆ ಮಾಡಿದ್ರು. ಆ ಮಿಷನ್ ಅವರಿಗೆ ತಂದುಕೊಟ್ಟಿದ್ದು ನಾನು. ಅವರಿಂದ ಅದನ್ನ ಬಿಡಿಸಿದ್ದೂ ನಾನೇ, ಎರಡು ಬೆರಳಲ್ಲಿ.

ಮೊದಲು ನನ್ನ ಬಗ್ಗೆ ನಾಲ್ಕು ಮಾತು ಹೇಳಿಬಿಡ್ತೀನಿ, ಇಲ್ಲದಿದ್ರೆ ನನಗೆ ತಿಂದಿದ್ದು ಜೀರ್ಣ ಆಗಲ್ಲ. ನಮ್ಮಪ್ಪ ರಾಗಿ, ಅವರೆ ಬೆಳೀತಿದ್ದ ಜಾಗದಲ್ಲಿ ಈಗ ಕೆಳಗೆ ನಾಲ್ಕು ಶಟರ್ ಅಂಗಡಿ, ಮೇಲೆ ನಮ್ಮನೆ. ಜೀವನದಲ್ಲಿ ನಾನು ಮಾಡಿದ ಕೆಲಸ ಅಂದ್ರೆ ಆ ನಾಲ್ಕು ಶಟರಿನ ಮುಂದೆ ಕುರ್ಚಿ ಹಾಕ್ಕೊಂಡು ಕೂತಿದ್ದು. ಸುಮ್ನೆ ಕೂತವನ ತಲೆ ಸುಮ್ನಿರಲ್ಲ ನೋಡಿ. ಎದುರುಮನೆ ರಿಟೈರ್ಡ್ ಇಂಜಿನಿಯರ್ ಸಾಹೇಬ್ರ ಮಾವಿನ ಮರಕ್ಕೆ ಬೆಳಗಿನ ಜಾವ ಏಣಿ ಹಾಕಿ ಒಂದು ದೊಡ್ಡ ಹಲಸಿನಹಣ್ಣು ಕಟ್ಟಿ ಬಂದವನು ನಾನೇ. ಇಂಜಿನಿಯರ್ ಸಾಹೇಬ್ರು ಫೋಟೋ ಹೊಡ್ಕೊಂಡು ಯಾವುದೋ ಕೃಷಿ ವಿಜ್ಞಾನಿಗೆ ಕಳಿಸಿದ್ರು. ಅವರ ಅತ್ತೆ ಮರಕ್ಕೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಪ್ರಸಾದ ಅಂತ ನನಗೇ ಆರು ತೊಳೆ ಕಳಿಸಿದ್ರು. ತಿಂದೆ. ಸಖತ್ತಾಗಿತ್ತು. ಇಂಥವು ನೂರು ಮಾಡಿದೀನಿ, ಈ ಏರಿಯಾದಲ್ಲಿ ನನ್ನನ್ನ ಮೀರಿಸಿದವನು ಹುಟ್ಟಿಲ್ಲ, ಒಂದಕ್ಕೂ ನಾಚಿಕೆ ಪಟ್ಟಿಲ್ಲ. ಒಂದು ಬಿಟ್ಟು.

ಮೂರನೇ ಶಟರ್ ಮೇಷ್ಟ್ರದ್ದು. ಹೆಸರು ಹೇಳಲ್ಲ. ಅವರ ಮಗಳು ಹೇಳಬೇಡಿ ಅಂದಿಲ್ಲ; ಕೇಳೋಕೆ ನನಗೆ ಮುಖ ಇಲ್ಲ, ಅಷ್ಟೇ. ಹಾರ್ಮೋನಿಯಂನ ಅವರು ಪೆಟ್ಟಿಗೆ ಅನ್ನೋರು, ಹಂಗಾಗಿ ಊರಿಗೆಲ್ಲ ಪೆಟ್ಟಿಗೆ ಮೇಷ್ಟ್ರು. ಉದ್ದಕ್ಕೆ, ತೆಳ್ಳಗೆ, ಬಿಳಿ ಪಂಚೆ, ಅದರ ಮೇಲೆ ಏಪ್ರಿಲ್ ತಿಂಗಳಲ್ಲೂ ಕಂದು ಸ್ವೆಟರ್. ಅಂಗಡಿ ಬಿಟ್ಟು ರಸ್ತೆಗೆ ಇಳಿದ್ರೆ ಎರಡೂ ಕಿವೀಲಿ ಹತ್ತಿ. ಬಸ್ಸು ಹತ್ತಿರದಲ್ಲಿ ಹಾರ್ನ್ ಹೊಡೆದ್ರೆ ವಾಪಸ್ ಬಂದು ಅರ್ಧ ಗಂಟೆ ಕೈಗೆ ಕೆಲಸ ತಗೋತಿರಲಿಲ್ಲ. 'ಇನ್ನೂ ಒಳಗೆ ಓಡಾಡ್ತಿದೆ ಗೌಡ್ರೇ, ಇಳೀಲಿ' ಅನ್ನೋರು.

ನಿಮಗೆ ಅವರ ಕೆಲಸ ಗೊತ್ತಿಲ್ದೇ ಇರಬಹುದು. ಹಾರ್ಮೋನಿಯಂ ಒಳಗೆ ಒಂದೊಂದು ಸ್ವರಕ್ಕೆ ಒಂದೊಂದು ಹಿತ್ತಾಳೆ ನಾಲಿಗೆ ಇರುತ್ತೆ, ರೀಡು ಅಂತಾರೆ. ಅದರ ತುದಿ ಕೆರೆದ್ರೆ ಸ್ವರ ಏರುತ್ತೆ, ಬುಡ ಕೆರೆದ್ರೆ ಇಳಿಯುತ್ತೆ. ಎಷ್ಟು ಕೆರೀಬೇಕು ಅನ್ನೋದು ಕಿವಿಗೆ ಬಿಟ್ಟಿದ್ದು. ಒಂದು ಉಸಿರು ಜಾಸ್ತಿ ಕೆರೆದ್ರೆ ರೀಡು ಹಾಳು. ಈಗೆಲ್ಲ ಫೋನಲ್ಲೇ ಶ್ರುತಿ ತೋರಿಸೋ ಆ್ಯಪ್ ಇದೆ ಮೇಷ್ಟ್ರೇ ಅಂತ ನಾನು ಕೆಣಕಿದ್ರೆ, 'ಅದು ನೋಡೋರಿಗೆ' ಅಂತ ಮುಗಿಸೋರು. ಅವರ ಹತ್ರ ಇದ್ದ ಅಳತೆ ಒಂದೇ. ಬೆಂಕಿಪೊಟ್ಟಣದಷ್ಟು ಮರದ ಡಬ್ಬಿ, ಅದರಲ್ಲಿ ಅವರ ಗುರುಗಳು ಕೂರಿಸಿಕೊಟ್ಟ ಒಂದು ರೀಡು. ಬಾಯಿಟ್ಟು ಊದಿದ್ರೆ ಷಡ್ಜ. ದಿನಾ ಬೆಳಿಗ್ಗೆ ಹಣೆಗೆ ಗಂಧ ಇಟ್ಕೊಂಡ ಹಾಗೆ ಅದನ್ನ ಒಂದು ಸಲ ಊದಿ ಕಣ್ಣು ಮುಚ್ಚಿ ಕೂರೋರು.

ಕೆಲಸದಲ್ಲಿ ಅವರದ್ದೊಂದು ಕ್ರಮ ಇತ್ತು. ಯಾವುದಾದ್ರೂ ಪೆಟ್ಟಿಗೆ ಅಪಶ್ರುತಿ ಅನ್ನಿಸಿದ್ರೆ ಮೊದಲು ಅನುಮಾನ ಪಡಬೇಕಾದ್ದು ತನ್ನ ಕಿವೀನ, ಆಮೇಲೆ ತನ್ನ ಕೈನ, ಕೊನೇಲಿ ಪೆಟ್ಟಿಗೇನ. ಈ ಕ್ರಮ ತಪ್ಪಬಾರದು. ಒಂದ್ಸಲ ಶ್ರೀನಗರ ಬಡಾವಣೆಯಿಂದ ಒಬ್ಬ ಗಾಯಕ ಬಂದು, ನಿನ್ನೆ ಸರಿ ಮಾಡಿಕೊಟ್ಟ ಪೆಟ್ಟಿಗೆ ಇವತ್ತು ಕತ್ತೆ ಥರ ಕೂಗ್ತಿದೆ ಅಂತ ಅಂಗಡಿ ಮುಂದೆ ರಂಪ ಮಾಡಿದ. ಬೇರೆಯವರಾಗಿದ್ರೆ ವಾಪಸ್ ಜಗಳಕ್ಕೆ ನಿಲ್ತಿದ್ರು. ಮೇಷ್ಟ್ರು ಎದ್ದು ಹೋಗಿ ಮುಖ ತೊಳೆದ್ರು, ಬಿಸಿನೀರು ಕುಡಿದ್ರು, ಗೋಡೆ ಕಡೆ ತಿರುಗಿ ಹತ್ತು ನಿಮಿಷ ಸುಮ್ನೆ ಕೂತ್ರು. ಆಮೇಲೆ ಡಬ್ಬಿ ಊದಿದ್ರು. ಆಮೇಲೇ ಆ ಪೆಟ್ಟಿಗೆ ಮುಟ್ಟಿದ್ದು. ಒಳಗೆ ನೋಡಿದ್ರೆ ಒಂದು ಜಿರಳೆ ಕಾಲು ಸಿಕ್ಕಿಹಾಕ್ಕೊಂಡಿತ್ತು. ಗಾಯಕ ತಲೆ ತಗ್ಗಿಸ್ಕೊಂಡು ಹೋದ. ನೆಗಡಿ ಬಂದ್ರಂತೂ ಶಟರ್ ಅರ್ಧ ಎಳೆದು ಒಂದು ರಟ್ಟು ನೇತು ಹಾಕೋರು: 'ನೆಗಡಿ. ಕೆಲಸ ಇಲ್ಲ.' ಆ ರಟ್ಟಿನಲ್ಲಿ 'ನೆಗಡಿ' ಹೊಡೆದು ಹಾಕಿ 'ಮದುವೆ' ಅಂತ ಬರೆದು, ಮೂರು ಜನ ಹೂವಿನ ಹಾರ ತಗೊಂಡು ಬರೋ ಹಾಗೆ ಮಾಡಿದೀನಿ. ಅದಕ್ಕೆ ಅವರೂ ನಕ್ಕಿದ್ರು. ಮೂಗು ಒರೆಸ್ಕೊಂಡು, ಹಾರ ಹಾಕ್ಕೊಂಡು.

ಈಗ ಮಿಷನ್ ವಿಷಯಕ್ಕೆ ಬರ್ತೀನಿ. ನಮ್ಮಕ್ಕನ ಮಗ ಬಿಟಿಎಂ ಲೇಔಟಲ್ಲಿ ಒಂದು ರೂಮಿನ ತುಂಬ ತಿರುಪು, ವೈರು, ಲೈಟು ಇಟ್ಕೊಂಡು ಜಾಹೀರಾತಿಗೆ ಮ್ಯೂಸಿಕ್ ಮಾಡ್ತಾನೆ. ಹೋದಾಗ ಒಂದು ಹಳೇ ಸಿಂಥಸೈಜರ್, ಕರೆಂಟಲ್ಲಿ ಸ್ವರ ಹುಟ್ಟಿಸೋ ಮಿಷನ್, ಮೂಲೇಲಿ ಬಿದ್ದಿತ್ತು. ಎರಡೂವರೆ ಸ್ಥಾಯಿಯ ಮಣೆ, ಅಂದ್ರೆ ಬೆರಳಲ್ಲಿ ಒತ್ತೋ ಕೀಗಳು, ಅದರ ಮೇಲೆ ಹುಣಸೆಬೀಜ ಚೆಲ್ಲಿದ ಹಾಗೆ ತಿರುಪುಗಳು. ನೋಡಿದ ಕೂಡಲೇ ನನಗೆ ಐಡಿಯಾ ಬಂತು. ಕೇಳಿದೆ. ತಗೊಂಡ್ ಹೋಗಿ ಮಾಮ, ನನ್ನ ಹತ್ರ ಇನ್ನೂ ಮೂರಿದೆ ಅಂದ.

ಆಟೋದಲ್ಲಿ ತಂದು ಮೇಷ್ಟ್ರ ಮುಂದೆ ಇಟ್ಟು, ಮುಖ ಗಂಭೀರ ಮಾಡ್ಕೊಂಡು ಹೇಳಿದೆ: ನಮ್ಮ ಹುಡುಗನ ಪೆಟ್ಟಿಗೆ ಮೇಷ್ಟ್ರೇ, ಗಾಳಿ ಹಾಕೋ ಬೆಲ್ಲೋಸ್ ಕಿತ್ತುಹೋಗಿದೆ, ಗಾಳಿ ನಿಲ್ತಿಲ್ಲ, ಸ್ವಲ್ಪ ನೋಡಿ. ಅವರು ಕನ್ನಡಕ ಏರಿಸ್ಕೊಂಡ್ರು. ತಿರುವಿ ಹಾಕಿದ್ರು. ಗೆಣ್ಣಲ್ಲಿ ಕುಟ್ಟಿದ್ರು, ಮೂಸಿದ್ರು, ಒಂದು ಮಣೆ ಒತ್ತಿ ಕಿವಿ ಇಟ್ರು. ನಾನು ಒಳಗೊಳಗೇ ಸಾಯ್ತಿದ್ದೆ ನಗು ತಡೀಲಾರದೆ. ಬಿಟ್ಟು ಹೋಗಿ, ನೋಡ್ತೀನಿ ಅಂದ್ರು. ಇಡೀ ಬೀದಿಗೆ ಹೇಳ್ಕೊಂಡು ಬಂದೆ, ಪೆಟ್ಟಿಗೆ ಮೇಷ್ಟ್ರು ಗಾಳಿ ಹುಡುಕ್ತಿದಾರೆ ಅಂತ.

ಮೂರನೇ ದಿನ ಕರೆದ್ರು. "ಗೌಡ್ರೇ, ಇದರ ಬೆಲ್ಲೋಸ್ ಕಿತ್ತುಹೋಗಿಲ್ಲ. ಇದು ಉಸಿರೇ ಇಲ್ಲದ ಜಾತಿ. ಕರೆಂಟಿನ ವೈರ್ ಕೊಡದೆ ನನ್ನ ಕೈಲಿ ಮೂರು ದಿನ ಗಾಳಿ ಹುಡುಕಿಸಿದ್ರಿ. ಈಗ ವೈರ್ ಕೊಡಿ, ಮಿಷನ್ ನನ್ನ ಹತ್ರಾನೇ ಇರ್ಲಿ."

ಹಂಗೆ ಶುರುವಾಯ್ತು. ನಾನೇ ಕಲಿಸಿದೆ ಅಂತ ಊರಿಗೆಲ್ಲ ಹೇಳ್ತೀನಿ, ಆದ್ರೆ ನಾನು ಮಾಡಿದ್ದು ಫೋನ್ ಹಿಡ್ಕೊಂಡಿದ್ದು ಮಾತ್ರ. ಆ ಕಡೆಯಿಂದ ಅಕ್ಕನ ಮಗ ಹೇಳೋನು, ಈ ಕಡೆ ಮೇಷ್ಟ್ರು ಮಾಡೋರು. ವೈರ್ ಹಾಕಿದ್ವಿ, ಕೆಂಪು ದೀಪ ಹತ್ತಿತು, ಶಬ್ದ ಇಲ್ಲ. ಅದಕ್ಕೆ ಸ್ಪೀಕರ್ ಬೇರೆ ಬೇಕಂತೆ. ಗಣೇಶನ ಹಬ್ಬದ ಸ್ಪೀಕರ್ ಡಬ್ಬ ನಮ್ಮನೆ ಅಟ್ಟದಲ್ಲಿತ್ತು, ಇಳಿಸಿ ತಂದೆ. ಆದ್ರೂ ಶಬ್ದ ಇಲ್ಲ. ಹುಡುಗ ಫೋನಲ್ಲಿ ಏನೇನೋ ಇಂಗ್ಲಿಷಲ್ಲಿ ಹೇಳಿದ. ಮೇಷ್ಟ್ರು ಫೋನ್ ಇಡಿ ಅಂದ್ರು. ಒಂದೊಂದೇ ತಿರುಪು, ಎಡದಿಂದ ಬಲಕ್ಕೆ, ನಿಧಾನಕ್ಕೆ, ಒಂದು ಬೆರಳಲ್ಲಿ ಮಣೆ ಒತ್ತಿ ಹಿಡಿದೇ ತಿರುಗಿಸ್ತಾ ಬಂದ್ರು. ಒಂದು ಕಡೆ, ಪಕ್ಕದ ಬೀದೀಲಿ ಯಾರೋ ಬಾಗಿಲು ತೆಗೆದ ಹಾಗೆ ಸ್ವರ ಕೇಳ್ತು. ಇನ್ನೂ ತಿರುಗಿಸಿದ್ರು, ಮನೆ ಒಳಗೆ ಬಂತು. ಇನ್ನೂ ತಿರುಗಿಸಿದ್ರು, ಎದುರಿಗೇ ನಿಂತು ಕೂಗ್ತು. ಮೇಷ್ಟ್ರು ವಾಪಸ್ ಮುಚ್ಚಿದ್ರು, ಮತ್ತೆ ತೆಗೆದ್ರು. ಇದು ಗಂಟಲು ಗೌಡ್ರೇ, ನಿಮ್ಮ ಹುಡುಗ ಗಂಟಲು ಮುಚ್ಚಿಟ್ಟಿದ್ದ ಅಂದ್ರು.

ಆವತ್ತಿಂದ ಎಲ್ಲ ತಿರುಪಿಗೂ ಅವರದೇ ಹೆಸರು. ಸಣ್ಣ ಚೀಟೀಲಿ ಬರೆದು ಮೈದಾ ಅಂಟಲ್ಲಿ ಅಂಟಿಸಿದ್ರು. ಗಂಟಲು. ಮೂಗು, ಅದನ್ನ ತಿರುಗಿಸಿದ್ರೆ ಸ್ವರ ಮೂಗಲ್ಲಿ ಹಾಡುತ್ತೆ. ನಡುಕ. ಬಾಲ, ಅಂದ್ರೆ ಕೈ ಎತ್ತಿದ ಮೇಲೂ ಸ್ವರ ಎಷ್ಟು ಹೊತ್ತು ಉಳಿಯುತ್ತೆ ಅನ್ನೋದು. ಎತ್ತುಗಡೆ, ಸ್ವರ ಥಟ್ಟನೆ ಬರಬೇಕಾ ಮೆಲ್ಲಗೆ ಬರಬೇಕಾ ಅನ್ನೋದಕ್ಕೆ. ಅಕ್ಕನ ಮಗ ಒಂದಿನ ಬಂದು ನೋಡಿ, ನಾನು ಎರಡು ವರ್ಷ ವಿಡಿಯೋ ನೋಡಿ ಕಲ್ತಿದ್ದು ಇದು ಮಾಮ, ಇವರು ಚೀಟೀಲಿ ಮುಗಿಸಿದಾರೆ ಅಂದ.

ಆ ಹಳೇ ಮಿಷನ್ನಿಗೆ ನೆನಪು ಇರಲಿಲ್ಲ. ಮಾಡಿದ ಶಬ್ದ ಉಳಿಸ್ಕೊಳ್ಳೋ ಗುಂಡಿ ಇಲ್ಲ. ಆರಿಸಿ, ತಿರುಪು ಅಲ್ಲಾಡಿದ್ರೆ ಮುಗೀತು. ಅದಕ್ಕೆ ಮೇಷ್ಟ್ರು ಸ್ಕೂಲ್ ಮಕ್ಕಳ ಡ್ರಾಯಿಂಗ್ ಬುಕ್ ತಗೊಂಡು, ಒಂದೊಂದು ಶಬ್ದಕ್ಕೂ ಒಂದೊಂದು ಹಾಳೆ, ತಿರುಪೆಲ್ಲ ಗುಂಡಗೆ ಬರೆದು, ಮುಳ್ಳು ಎಲ್ಲಿ ನಿಂತಿದೆ ಅಂತ ಗಡಿಯಾರದ ಥರ ಗೆರೆ ಎಳೆಯೋರು. ಮೇಲೆ ಶೀರ್ಷಿಕೆ: 'ಹಳೇ ಶಂಖ'. 'ಸೊಳ್ಳೆ'. 'ಅತ್ತೆ ಕರೆದಾಗ'. ಒಂದಕ್ಕೆ 'ಗೌಡ್ರು' ಅಂತಿತ್ತು. ನುಡಿಸಿ ತೋರಿಸಿ ಅಂದೆ. ಗಂಟಲು ಪೂರ್ತಿ ಬಿಟ್ಟು, ಬಾಲ ಉದ್ದ ಇಟ್ಟು, ಒಂದು ಸ್ವರ ಒತ್ತಿ ಕೈ ತೆಗೆದ್ರು. ಅದು ನಿಲ್ಲಲೇ ಇಲ್ಲ, ಬೊಗಳ್ತಾನೇ ಇತ್ತು. ಜೀವನದಲ್ಲಿ ನನಗೆ ಯಾರಾದ್ರೂ ಸರಿಯಾಗಿ ಟೋಪಿ ಹಾಕಿದ್ರೆ ಅದು ಆವತ್ತು.

ಒಂದು ಮಧ್ಯಾಹ್ನ ನಾನು ಹೋದಾಗ ಮೇಷ್ಟ್ರು ಎದ್ದು ನಿಂತಿದ್ರು. ಮಿಷನ್ನಲ್ಲಿ ಒಂದು ತಿರುಪು ಇದೆ, ಅದನ್ನ ಏರಿಸಿದ್ರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಹಾರಲ್ಲ, ಎಳ್ಕೊಂಡು ಹೋಗುತ್ತೆ, ಹಾಡುಗಾರರು ಎಳೆಯೋ ಹಾಗೆ. ಹಾರ್ಮೋನಿಯಂನಲ್ಲಿ ಇದು ಆಗಲ್ಲ. ಅದಕ್ಕೇ ದೊಡ್ಡ ದೊಡ್ಡ ಗಾಯಕರು ಅದನ್ನ ಪಕ್ಕವಾದ್ಯಕ್ಕೆ ಸೇರಿಸ್ತಿರಲಿಲ್ಲ, ಮೇಷ್ಟ್ರು ಜೀವಮಾನ ಪೂರ್ತಿ ಆ ಮಾತು ಕೇಳ್ಕೊಂಡು ಬಂದಿದ್ರು. ಅವರು ನನಗೆ ಎರಡೇ ಸ್ವರ ನುಡಿಸಿ ತೋರಿಸಿದ್ರು. ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ.

"ನಲವತ್ತು ವರ್ಷ ಮೆಟ್ಟಿಲು ಹತ್ತಿದೆ ಗೌಡ್ರೇ. ಇವತ್ತು ಜಾರುಬಂಡೆ ಸಿಕ್ತು."

ಆ ತಿರುಪಿಗೆ 'ಜಾರು' ಅಂತ ಚೀಟಿ ಅಂಟಿಸಿ, ಅದಕ್ಕೊಂದು ಕುಂಕುಮದ ಬೊಟ್ಟು ಇಟ್ರು.

ಇಲ್ಲಿಗೆ ನಿಲ್ಲಿಸಿದ್ರೆ ನಾನು ಒಳ್ಳೇ ಮನುಷ್ಯ. ನಿಲ್ಲಿಸೋಕಾಗಲ್ಲ.

ನಿಜ ಹೇಳ್ತೀನಿ, ನನಗೆ ಹೊಟ್ಟೆ ಉರೀತು. ಮೊದಲು ನಾನು ಹೋಗಿ ಕೂತ್ರೆ ಮೇಷ್ಟ್ರು ಕೆಲಸ ಮಾಡ್ತಾನೇ ನನ್ನ ಸುಳ್ಳೆಲ್ಲ ಕೇಳೋರು, ಮಧ್ಯ ಮಧ್ಯ ಹೂಂ ಅನ್ನೋರು, ಕೊನೇಲಿ ಇದರಲ್ಲಿ ಅರ್ಧ ತೆಗೀರಿ ಅನ್ನೋರು. ಈಗ ತಲೆ ಎತ್ತಲ್ಲ. ಬೆಳಿಗ್ಗೆ ಪೆಟ್ಟಿಗೆ ಕೆಲಸ, ಮಧ್ಯಾಹ್ನದ ಮೇಲೆ ಮಿಷನ್. ನಾನು ತಂದುಕೊಟ್ಟ ಮಿಷನ್ ನನ್ನ ಜಾಗದಲ್ಲಿ ಕೂತಿತ್ತು. ಸರಿ, ಇದಕ್ಕೊಂದು ಮಾಡೋಣ ಅನ್ಕೊಂಡೆ.

ಮಿಷನ್ನಿನ ಬೆನ್ನಿಗೆ ಒಂದು ಸಣ್ಣ ತಿರುಪು ಇತ್ತು, ಶ್ರುತಿ ಏರಿಸಿ ಇಳಿಸೋದಕ್ಕೆ. ಅದಕ್ಕೆ ಮುಳ್ಳಿಲ್ಲ, ಗೆರೆ ಇಲ್ಲ. ಮೇಷ್ಟ್ರು ದಿನಾ ಬೆಳಿಗ್ಗೆ ಡಬ್ಬಿ ಊದಿ, ಕೈ ಹಿಂದಕ್ಕೆ ಹಾಕಿ, ಆ ತಿರುಪನ್ನ ಕಿವೀಲೇ ನೋಡ್ಕೊಂಡು ಕೂರಿಸೋರು. ನನ್ನ ಕುರ್ಚಿ ಮಿಷನ್ನಿನ ಬೆನ್ನಿನ ಕಡೆಗೇ ಇತ್ತು. ಹನ್ನೊಂದು ಗಂಟೆಗೆ ಅವರು ಮೂಲೆ ದರ್ಶಿನಿಯಿಂದ ಬೈ-ಟು ಕಾಫಿ ತರೋಕೆ ಎದ್ದು ಹೋಗ್ತಿದ್ರು, ಅರ್ಧ ನನಗೆ ಅಂತಾನೇ. ಆ ಐದು ನಿಮಿಷದಲ್ಲಿ ನಾನು ಕೈ ಚಾಚಿ ಎಳ್ಳಷ್ಟು ತಿರುಗಿಸ್ತಿದ್ದೆ. ನನ್ನ ಕಿವಿಗೆ ಏನೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ.

ಮಧ್ಯಾಹ್ನ ಅವರು ಕೂತು ಒಂದು ಸ್ವರ ಒತ್ತಿ ನಿಲ್ಲಿಸೋರು. ಡಬ್ಬಿ ಊದೋರು. ಮತ್ತೆ ಒತ್ತೋರು. ಕೈ ಹಿಂದಕ್ಕೆ ಹಾಕಿ ಸರಿ ಮಾಡ್ಕೊಳೋರು. ನಾನು ಸೀಲಿಂಗ್ ನೋಡ್ತಾ ಕೂತಿರ್ತಿದ್ದೆ. ಮಾರನೇ ದಿನ ಮತ್ತೆ. ಒಂದಿನ ಏರಿಸ್ತಿದ್ದೆ, ಒಂದಿನ ಇಳಿಸ್ತಿದ್ದೆ. ಐದನೇ ದಿನವೋ ಆರನೇ ದಿನವೋ ಮೇಷ್ಟ್ರು ನನ್ನ ಕಡೆ ತಿರುಗಿ, ಒಂದು ಸಹಾಯ ಮಾಡಿ ಗೌಡ್ರೇ, ನಿಮ್ಮ ಹುಡುಗನ್ನ ಕೇಳಿ, ಇದರ ಶ್ರುತಿ ತಾನಾಗೇ ಅಲ್ಲಾಡುತ್ತಾ ಅಂತ ಅಂದ್ರು.

ಅವರ ಎದುರಿಗೇ ಫೋನ್ ಮಾಡಿದೆ. ಹುಡುಗ ಏನಂದ ಗೊತ್ತಾ? ಹೌದು ಮಾಮ, ಹಳೇ ಮಾಡೆಲ್ ಅಲ್ವಾ, ಬಿಸಿಲಿಗೆ, ಸೆಕೆಗೆ ಸ್ವಲ್ಪ ಅಲ್ಲಾಡುತ್ತೆ, ಎಲ್ಲದೂ ಹಂಗೇ ಅಂದ. ಫೋನ್ ಇಟ್ಟೆ. ಮೇಷ್ಟ್ರು ನನ್ನ ಬಾಯಿ ನೋಡ್ತಿದ್ರು.

"ಇಲ್ವಂತೆ ಮೇಷ್ಟ್ರೇ. ಕರೆಂಟಿಂದು, ಮರ ಇಲ್ಲ, ಚರ್ಮ ಇಲ್ಲ, ರೀಡ್ ಇಲ್ಲ. ಅಲ್ಲಾಡೋ ಮಾತೇ ಇಲ್ವಂತೆ."

ಅದು ಯಾಕೆ ಹಂಗಂದೆ ಅಂತ ಇವತ್ತಿಗೂ ಕೇಳ್ಕೋತೀನಿ. ತಿರುಪು ತಿರುಗಿಸಿದ್ದು ತಮಾಷೆ ಅನ್ನಿ. ಇದು ತಮಾಷೆ ಅಲ್ಲ. ಆಟ ಮುಗಿದುಹೋಗುತ್ತಲ್ಲ ಅಂತ ಒಂದು ಕ್ಷಣದ ಆಸೆ, ಅಷ್ಟೇ. ಮೇಷ್ಟ್ರು ತಲೆ ಆಡಿಸಿದ್ರು. ಎದ್ದು ಹೋಗಿ ಮುಖ ತೊಳೆದ್ರು. ಬಿಸಿನೀರು ಕುಡಿದ್ರು. ಗೋಡೆ ಕಡೆ ತಿರುಗಿ ಕೂತ್ರು. ಅವರ ಕ್ರಮ ಅದು, ಮೊದಲು ಕಿವಿ. ನಾನು ಆ ಬೆನ್ನು ನೋಡ್ಕೊಂಡು ಕೂತಿದ್ದೆ, ಮತ್ತೆ ಮಾರನೇ ದಿನ ಹನ್ನೊಂದಕ್ಕೆ ಕೈ ಚಾಚಿದೆ.

ಆಮೇಲಿನ ದಿನಗಳಲ್ಲಿ ಅವರು ಮಾಡದ ಪ್ರಯತ್ನ ಇಲ್ಲ. ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಕೊಂಡ್ರು. ಅಂಗಡಿ ಒಳಗೂ ಹತ್ತಿ ಇಟ್ಕೊಳೋಕೆ ಶುರು ಮಾಡಿದ್ರು. ಬೆಳಗಿನ ಶ್ರುತಿ ಒಂದು ಗೆರೆ, ಮಧ್ಯಾಹ್ನದ್ದು ಒಂದು ಗೆರೆ ಅಂತ ಡ್ರಾಯಿಂಗ್ ಬುಕ್ಕಿನಲ್ಲಿ ಬರೆದು, ಎರಡೂ ಸೇರದೇ ಇದ್ದಾಗ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕೋರು. ಜಯನಗರದಲ್ಲಿ ಕಿವಿ ಡಾಕ್ಟರ್ ಹತ್ರ ಹೋಗಿ ಬಂದ್ರು. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ ಅಂದ್ರಂತೆ ಡಾಕ್ಟರು. ಬೇರೆಯವರಾಗಿದ್ರೆ ಸಿಹಿ ಹಂಚ್ತಿದ್ರು. ಮೇಷ್ಟ್ರು ಬಂದು ನನಗೆ ಹೇಳಿದ್ದು: "ವಯಸ್ಸಿಗೆ ತಕ್ಕ ಹಾಗೆ ಅಂತೆ ಗೌಡ್ರೇ. ನನ್ನ ವಯಸ್ಸು ಹಾಡೋರಿಗೆ ಯಾಕೆ ಬೇಕು?"

ಎರಡು ವಾರ ಆಗಿರಬೇಕು. ಬನಶಂಕರಿ ಕಡೆಯ ಭಜನಾ ಮಂಡಳಿಯ ಒಬ್ಬ ಹೆಂಗಸು, ಇಪ್ಪತ್ತು ವರ್ಷದಿಂದ ಇವರ ಹತ್ರಾನೇ ಬರೋರು, ಪೆಟ್ಟಿಗೆ ತಗೊಂಡು ಬಂದ್ರು. ರಾಮನವಮಿಗೆ ಬೇಕು ಅಂದ್ರು. ಮೇಷ್ಟ್ರು ಬಿಚ್ಚಿದ್ರು. ಕೆರೆಯೋ ಉಳಿ ಕೈಗೆ ತಗೊಂಡ್ರು. ಒಂದು ರೀಡಿನ ಮೇಲೆ ಇಟ್ರು, ತೆಗೆದ್ರು. ಡಬ್ಬಿ ಊದಿದ್ರು. ಮತ್ತೆ ಇಟ್ರು. ಆಮೇಲೆ ಉಳಿ ಕೆಳಗಿಟ್ಟು, ಮೊಳೆ ಎಲ್ಲ ವಾಪಸ್ ಹಾಕಿ, ಪೆಟ್ಟಿಗೆ ಒರೆಸಿ ಆಕೆಯ ಮುಂದೆ ತಳ್ಳಿದ್ರು.

"ಬೇರೆ ಕಡೆ ಕೊಡಿ ತಾಯಿ. ನನ್ನ ಕಿವಿ ನನ್ನ ಮಾತು ಕೇಳ್ತಿಲ್ಲ. ನಿಮ್ಮ ಪೆಟ್ಟಿಗೆ ಹಾಳು ಮಾಡಿಬಿಡ್ತೀನಿ."

ಆಕೆ ತಮಾಷೆ ಮಾಡ್ತಿದೀರಾ ಮೇಷ್ಟ್ರೇ ಅಂದು ನನ್ನ ಮುಖ ನೋಡಿದ್ರು. ಅಲ್ಲಿ ತಮಾಷೆ ಮಾಡೋನು ಯಾರು ಅಂತ ಎಲ್ಲರಿಗೂ ಗೊತ್ತಲ್ಲ. ಆವಾಗ ಹೇಳಬೇಕಿತ್ತು. ಬಾಯಿ ತುದೀಲಿತ್ತು. ಆದ್ರೆ ಆಕೆ ಮಂಡಳಿಯವರಿಗೆಲ್ಲ ಹೇಳ್ತಾರೆ, ಸಾರಕ್ಕಿ ಗೌಡ ವಯಸ್ಸಾದ ಮನುಷ್ಯನ ಕೆಲಸ ಕೆಡಿಸಿದ ಅಂತ ಇಡೀ ಊರು ಆಡ್ಕೊಳುತ್ತೆ ಅಂತ ಲೆಕ್ಕ ಹಾಕ್ತಾ ಕೂತೆ. ಲೆಕ್ಕ ಮುಗಿಯೋ ಹೊತ್ತಿಗೆ ಆಕೆ ಆಟೋ ಹತ್ತಿ ಆಗಿತ್ತು. ಆವತ್ತಿಂದ ನಾನು ತಿರುಪು ಮುಟ್ಟಲಿಲ್ಲ. ಮೇಷ್ಟ್ರೂ ಮಿಷನ್ ಹಾಕಲಿಲ್ಲ. ನಾನು ಆಟ ನಿಲ್ಲಿಸಿದ್ದು ಗೊತ್ತಾಗೋಕೂ ಅವರಿಗೆ ದಾರಿ ಇರಲಿಲ್ಲ.

ತಿಂಗಳ ಕೊನೇಲಿ ಅಂಗಡಿ ಬಿಟ್ರು. ಉಳಿ, ಅರ, ಹಿತ್ತಾಳೆ ತಗಡು ಎಲ್ಲ ಯಾರಿಗೋ ಕೊಟ್ರು. ಮಿಷನ್ನನ್ನ ಒಗೆದ ಪಂಚೇಲಿ ಸುತ್ತಿ, ಡ್ರಾಯಿಂಗ್ ಬುಕ್ ಮೇಲಿಟ್ಟು ನನ್ನ ಕೈಗೆ ಕೊಟ್ಟು, ಚೀಟಿ ಕಿತ್ತರೆ ಬಣ್ಣ ಕಿತ್ತುಬರುತ್ತೆ, ಹಂಗೇ ಇರ್ಲಿ ಅಂದ್ರು. ಅರೆಕೆರೆಗೆ ಮಗಳ ಮನೆಗೆ ಹೋದ್ರು. ಮೂರನೇ ಶಟರಲ್ಲಿ ಈಗ ಮೊಬೈಲ್ ಕವರ್ ಮಾರ್ತಾರೆ.

ನಾನು ಯಾರಿಗೂ ಹೇಳಲಿಲ್ಲ. ನನ್ನ 'ತಮಾಷೆ'ಗಳನ್ನ ಮದುವೆ ಮನೇಲಿ, ಪಾರ್ಕಲ್ಲಿ ಕೇಳಿದವರಿಗೆಲ್ಲ ಹೇಳೋನು ನಾನು, ಇದನ್ನ ಹೆಂಡತಿಗೂ ಹೇಳಲಿಲ್ಲ. ಅವಳಿಗೆ ಹೇಗೋ ಗೊತ್ತಾಯ್ತು. ಹೇಗೆ ಅಂದ್ರೆ, ಅಕ್ಕನ ಮಗ ಊಟಕ್ಕೆ ಬಂದಾಗ, ಮೇಷ್ಟ್ರು ಯಾಕೆ ಬಿಟ್ರು, ಶ್ರುತಿ ಅಲ್ಲಾಡುತ್ತೆ ಅಂತ ನಾನು ಮೊದಲೇ ಹೇಳಿದ್ನಲ್ಲ ಅಂದ. ಅವಳು ಸಾರಿನ ಸೌಟು ಹಿಡ್ಕೊಂಡು ನನ್ನನ್ನೇ ನೋಡಿದಳು. ಹುಡುಗ ಹೋದ ಮೇಲೆ ಕೇಳಿದಳು, ಹೇಳಿದೆ. ಅವಳು ಬೈಲಿಲ್ಲ. "ಹೋಗಿ ಹೇಳಿ ಬನ್ನಿ. ಹೇಳೋವರೆಗೂ ನನ್ನ ಹತ್ರ ಜೋಕ್ ಮಾಡಬೇಡಿ" ಅಂದಳು. ಮೂರು ವಾರ ನಮ್ಮನೆ ಆಸ್ಪತ್ರೆ ಥರ ಇತ್ತು.

ಹೋದೆ. ಸಾಕ್ಷಿಗೆ ಅಂತ ಮಿಷನ್ನೂ ಪಂಚೆ, ಡ್ರಾಯಿಂಗ್ ಬುಕ್ ಸಮೇತ ಹೊತ್ಕೊಂಡು ಹೋದೆ. ಮಗಳು ಬಾಗಿಲು ತೆಗೆದ್ರು, ಬನ್ನಿ ಅಂಕಲ್, ಅಪ್ಪ ನಿಮ್ಮನ್ನ ತುಂಬ ನೆನೆಸ್ಕೋತಾರೆ ಅಂದ್ರು. ಮೇಷ್ಟ್ರು ಕಿಟಕಿ ಹತ್ರ ಕುರ್ಚೀಲಿದ್ರು, ಇನ್ನೂ ತೆಳ್ಳಗಾಗಿದ್ರು. ಟಿವಿ ಶಬ್ದ ಇಲ್ಲದೆ ಓಡ್ತಿತ್ತು. ಕಾಫಿ ಬರೋಕೂ ಮುಂಚೆ ಎಲ್ಲ ಹೇಳಿಬಿಟ್ಟೆ. ಕುರ್ಚಿ, ಹನ್ನೊಂದು ಗಂಟೆ, ಬೆನ್ನಿನ ತಿರುಪು, ಫೋನಲ್ಲಿ ಹುಡುಗ ನಿಜವಾಗಿ ಹೇಳಿದ್ದು. ಒಂದೂ ಬಿಡಲಿಲ್ಲ. ಎಪ್ಪತ್ತು ವರ್ಷದಲ್ಲಿ ನಾನು ಅಷ್ಟು ಹೊತ್ತು ಒಂದೂ ಸುಳ್ಳಿಲ್ಲದೆ ಮಾತಾಡಿದ್ದು ಅದೇ ಮೊದಲು.

ಮೇಷ್ಟ್ರು ಪೂರ್ತಿ ಕೇಳಿದ್ರು. ನಡುವೆ ಹೂಂ ಅಂದ್ರು. ಆಮೇಲೆ ನನ್ನ ಕೈ ಹಿಡ್ಕೊಂಡ್ರು.

"ನನ್ನ ಸಮಾಧಾನಕ್ಕೆ ಅಂತ ಇಷ್ಟು ದೂರ ಬಂದ್ರಾ ಗೌಡ್ರೇ? ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಂಡು? ದೊಡ್ಡ ಮನಸ್ಸು ನಿಮ್ಮದು."

ಇಲ್ಲ ಮೇಷ್ಟ್ರೇ, ನಿಜ ಅಂದೆ. ಅಮ್ಮನ ಆಣೆ ಹಾಕಿದೆ. ಅವರು ನಕ್ಕು, ನಿಮ್ಮಮ್ಮನ ಆಣೆ ಎಷ್ಟು ಸಲ ಕೇಳಿಲ್ಲ ನಾನು ಅಂದ್ರು. ಮಿಷನ್ ಬಿಚ್ಚಿ ಅವರ ಮುಂದೆ ತಿರುಗಿಸಿಟ್ಟೆ, ತಿರುಪು ಮುಟ್ಟಿ ತೋರಿಸಿದೆ. ಮಗಳು ಕಾಫಿ ಲೋಟ ಹಿಡ್ಕೊಂಡು ಬಂದವರು, ಏನಂಕಲ್, ಅಪ್ಪನಿಗೆ ಮತ್ತೆ ಏನೋ ಪ್ಲ್ಯಾನ್ ಮಾಡ್ಕೊಂಡು ಬಂದಿದೀರಾ ಅಂತ ನಕ್ಕರು. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನೂ ಅವರು ನಾಟಕ ಅಂತಾನೇ ತಿಳ್ಕೊಂಡ್ರು. ಒಂದ್ಸಲ ನುಡಿಸಿ ನೋಡಿ ಮೇಷ್ಟ್ರೇ, ಕಿವಿ ಚೆನ್ನಾಗಿದೆ, ನಿಮಗೇ ಗೊತ್ತಾಗುತ್ತೆ ಅಂತ ಬೇಡ್ಕೊಂಡೆ. ಅವರು ಮಣೆ ಮೇಲೆ ಪಂಚೆ ಎಳೆದು ಮುಚ್ಚಿದ್ರು. ಬೇಡ ಗೌಡ್ರೇ, ತಪ್ಪು ಕೇಳಿಸಿದ್ರೆ ಮತ್ತೆ ಅದೇ ಸಂಕಟ, ಈಗ ಅಭ್ಯಾಸ ಆಗಿದೆ ಅಂದ್ರು.

ಹೊರಟೆ. ಗೇಟಿನವರೆಗೆ ಮೇಷ್ಟ್ರು ನನ್ನ ಜೊತೆ ಬಂದ್ರು. ಆಟೋ ನಿಂತಿತ್ತು. ಅಲ್ಲಿ ನಿಂತು ಇದ್ದಕ್ಕಿದ್ದ ಹಾಗೆ ಕೇಳಿದ್ರು, ಒಂದು ಸಲಕ್ಕೆ ಎಷ್ಟು ತಿರುಗಿಸ್ತಿದ್ರಿ ಅಂತ. ನಾನು ಹೆಬ್ಬೆರಳು, ತೋರುಬೆರಳು ಸೇರಿಸಿ, ಮಧ್ಯೆ ಎಳ್ಳಷ್ಟು ಜಾಗ ಬಿಟ್ಟು ತೋರಿಸಿದೆ. ಅವರು ಬಗ್ಗಿ ನನ್ನ ಬೆರಳನ್ನ ನೋಡಿದ್ರು.

"ಅಷ್ಟೇನಾ? ಅಷ್ಟನ್ನ ನಾನು ದಿನಾ ಹಿಡಿದೆನಲ್ಲ ಗೌಡ್ರೇ. ಒಂದು ದಿನಾನೂ ತಪ್ಪಿಲ್ಲ. ಹಂಗಾದ್ರೆ ಈ ಕಿವಿಗೆ ಏನಾಗಿತ್ತು? ಏನೂ ಆಗಿರಲಿಲ್ಲ."

ಅಂದು ಗೇಟು ಹಿಡ್ಕೊಂಡು ನಕ್ಕರು, ಮೈ ಕುಲುಕೋ ಹಾಗೆ.

ಹೋದ ತಿಂಗಳು ಮಗಳು ಫೋನ್ ಮಾಡಿ, ಅಪ್ಪ ಹೋದ್ರು ಅಂದ್ರು. ನಿದ್ದೇಲೇ ಅಂತೆ.

ಇಷ್ಟೂ ನಿಜ. ಒಂದು ಬಿಟ್ಟು. ಹೆಂಡತಿ ಇದನ್ನ ಓದಿ, ಅದನ್ನೂ ಬರೀರಿ ಅಂದಳು, ಬರೀತೀನಿ.

ಮೇಷ್ಟ್ರು ಗೇಟಿಗೆ ಬರಲಿಲ್ಲ. ಕೂತಲ್ಲಿಂದಲೇ ಕೈ ಮುಗಿದ್ರು. ಆ ಪ್ರಶ್ನೆ ಅವರು ಕೇಳಲಿಲ್ಲ, ಆ ಮಾತು ಅವರು ಆಡಲಿಲ್ಲ. ಅದು ನನಗೆ ಹೊಳೆದಿದ್ದು, ಬನ್ನೇರುಘಟ್ಟ ರಸ್ತೆ ಸಿಗ್ನಲ್ಲಿನಲ್ಲಿ, ತೊಡೆ ಮೇಲೆ ಮಿಷನ್ ಇಟ್ಕೊಂಡು ಆಟೋದಲ್ಲಿ ಕೂತಿದ್ದಾಗ. ನನ್ನ ಆಣೆ ನಂಬದೇ ಇದ್ದವರು ಆ ಒಂದು ಮಾತನ್ನ ನಂಬ್ತಿದ್ರು, ಯಾಕಂದ್ರೆ ಅದಕ್ಕೆ ನನ್ನನ್ನ ನಂಬಬೇಕಾಗಿರಲಿಲ್ಲ, ಡ್ರಾಯಿಂಗ್ ಬುಕ್ಕಿನಲ್ಲಿ ಒಂದಿನ ಏರು, ಒಂದಿನ ಇಳಿ ಅಂತ ಅವರ ಕಿವಿಯೇ ಹಿಡಿದ ಗೆರೆ ನೋಡಿದ್ರೆ ಸಾಕಾಗಿತ್ತು. ಆಟೋ ತಿರುಗಿಸಪ್ಪ ಅಂದಿದ್ರೆ ಹತ್ತು ನಿಮಿಷದ ದಾರಿ. ಮತ್ತೆ ಹೋದ್ರೆ ಮಗಳು ಮತ್ತೆ ನಗ್ತಾರೆ ಅನ್ನಿಸ್ತು. ಸಿಗ್ನಲ್ ಬಿಡ್ತು. ನಾನು ಸುಮ್ನೆ ಕೂತಿದ್ದೆ.

ಅದಾದ ಮೇಲೆ ಮೇಷ್ಟ್ರು ಏಳು ತಿಂಗಳು ಬದುಕಿದ್ರು.